ನಡುಸೀಮೆಯವರು ಕಡಲು ಮಾಡಿದ್ದು

ಏಳು ಬೆಟ್ಟದ ಆಚೆ, ಕಾಗೆ ಕೂಡ ಬುತ್ತಿ ಕಟ್ಟಿಕೊಂಡು ಹೋಗಬೇಕಾದಷ್ಟು ದೂರದಲ್ಲಿ, ನಡುಸೀಮೆ ಅಂತ ಒಂದು ರಾಜ್ಯ ಇತ್ತಂತೆ. ಹೆಸರಿಗೆ ತಕ್ಕ ಹಾಗೆ ಎಲ್ಲದರ ನಡುವೆ. ಮೂಡಲಿಗೆ ಹೋದರೂ ಬೇರೆಯವರ ನೆಲ, ಪಡುವಲಿಗೆ ಹೋದರೂ ಬೇರೆಯವರ ನೆಲ. ರಾಗಿ ಬೆಳೆಯುತ್ತಿತ್ತು, ಹುರುಳಿ ಬೆಳೆಯುತ್ತಿತ್ತು, ಕುರಿ ಇದ್ದವು, ಕಂಬಳಿ ನೇಯುವವರಿದ್ದರು. ಇಲ್ಲದ್ದು ಒಂದೇ, ಉಪ್ಪು. ಉಪ್ಪು ಹುಟ್ಟೋದು ಕಡಲಲ್ಲಿ, ಕಡಲು ಇರೋದು ಹೊರಸೀಮೆಯಲ್ಲಿ. ನಡುಸೀಮೆಯಲ್ಲಿ ಕಡಲು ಕಂಡವರು ಒಬ್ಬರೂ ಇರಲಿಲ್ಲವಂತೆ.

ಹೊರಸೀಮೆಗೆ ಹೋಗೋಕೆ ಇದ್ದದ್ದು ಒಂದೇ ಕಣಿವೆ. ಆ ಕಣಿವೆಯ ಬಾಯಲ್ಲಿ ಹೊರಸೀಮೆ ಅರಸ ಉಕ್ಕಡ ಕಟ್ಟಿಸಿ, ಬಾಗಿಲು ಇಡಿಸಿ, ಸುಂಕಕ್ಕೆ ಒಬ್ಬ ಕಾವಲಿನವನನ್ನು ಕೂರಿಸಿದ್ದ. ನಡುಸೀಮೆಯವರು ಎತ್ತಿನ ಮೇಲೆ ರಾಗಿ ಹೇರಿಕೊಂಡು ಹೋಗಬೇಕು, ಕಣಿವೆಯಾಚೆಯ ಸಂತೆಯಿಂದ ಉಪ್ಪು ಹೇರಿಕೊಂಡು ಬರಬೇಕು, ಕಡಲು ಅಲ್ಲಿಂದ ಇನ್ನೂ ದೂರ. ಹೋಗುವಾಗ ಹೇರಿಗೆ ಒಂದು ಕೈ ರಾಗಿ, ಬರುವಾಗ ಹೇರಿಗೆ ಒಂದು ಕೈ ಉಪ್ಪು ಆ ಉಕ್ಕಡದವನಿಗೆ. ಅದು ಮುತ್ತಾತಂದಿರ ಕಾಲದ ಒಪ್ಪಂದ. ಒಂದು ಕೈ ತಾನೇ, ದಾರಿಯಲ್ಲಿ ಭಿಕ್ಷೆ ಹಾಕಿದ ಹಾಗೆ ಆಯ್ತು ಅಂತ ಆಗಿನವರು ತಲೆ ಆಡಿಸಿದ್ದರು.

ಬೆರಳು ತೋರಿಸಿದರೆ ಹಸ್ತ ನುಂಗೋರು ಇರ್ತಾರೆ ನೋಡಿ, ಹೊರಸೀಮೆ ಅರಸ ಆ ಜಾತಿ. ಮೊದಲು ಉಕ್ಕಡದಲ್ಲಿ ಸಣಕಲು ಮುದುಕನೊಬ್ಬ ಇದ್ದನಂತೆ, ಅವನ ಕೈ ಕೋಳಿಕಾಲು. ಅವನು ಸತ್ತ ಮೇಲೆ ಅಗಲ ಕೈಯವನನ್ನು ಹುಡುಕಿ ತಂದು ಕೂರಿಸಿದರು. ಅವನಾದ ಮೇಲೆ ಗರಡಿಯಿಂದ ಭರಮ ಅನ್ನೋ ಪೈಲ್ವಾನನನ್ನೇ ಕರೆದುಕೊಂಡು ಬಂದರು. ಭರಮ ಒಂದು ವರ್ಷ ಹಿಡಿ ತುಂಬಿಕೊಂಡ, ಆಮೇಲೆ ಎರಡೂ ಕೈ ಸೇರಿಸಿ ಬೊಗಸೆ ಮಾಡಿದ. ಅದೂ ಸಾಲದಾಗಿ ಒಂದು ದಿನ ಮೊರ ಹಿಡಿದುಕೊಂಡು ನಿಂತನಂತೆ.

"ಇದೇನಪ್ಪಾ, ಒಪ್ಪಂದ ಇರೋದು ಒಂದು ಕೈಗಲ್ವಾ?" ಅಂದರು ಎತ್ತು ಹೊಡೆಯೋರು.

"ಮೊರ ಹಿಡ್ಕೊಂಡಿರೋದು ಕೈಯಲ್ಲಿ ತಾನೇ? ನಮ್ ದೊರೆ ಹಂಗೇ ಅಂದವ್ರೆ. ನಂಗೂ ಮಕ್ಕಳವ್ರೆ ಕಣ್ರಪ್ಪಾ, ನನ್ನ ಬೈಬ್ಯಾಡಿ," ಅಂದ ಭರಮ.

ಬೈದು ಮಾಡೋದೇನು? ಇನ್ನೊಂದು ದಾರಿ ಇದ್ದಿದ್ದರೆ ಬೈಯಬಹುದಿತ್ತು. ಮೊರ ತುಂಬಿಸಿ, ಉಳಿದದ್ದು ಹೇರಿಕೊಂಡು ಬಂದರು. ನಡುಸೀಮೆಯಲ್ಲಿ ಮೊದಲು ಉಪ್ಪಿನಕಾಯಿ ಹೋಯ್ತು. ಆಮೇಲೆ ಮೂರು ದಿನಕ್ಕೊಮ್ಮೆ ಸಾರಿಗೆ ಉಪ್ಪು. ಆಮೇಲೆ ಉಪ್ಪಿನ ಹರಳನ್ನು ದಾರಕ್ಕೆ ಕಟ್ಟಿ, ಸಾರಿನಲ್ಲಿ ಒಂದು ಸಲ ಅದ್ದಿ, ತೆಗೆದು ಮತ್ತೆ ಗೂಟಕ್ಕೆ ನೇತು ಹಾಕುವ ಕಾಲ ಬಂತಂತೆ. ನಗಬೇಡಿ, ಸಪ್ಪೆ ಮುದ್ದೆ ನುಂಗಿದವರಿಗೆ ಗೊತ್ತು ಆ ಸಂಕಟ.

ಈಗ ಬೊಮ್ಮಕ್ಕನ ವಿಷಯಕ್ಕೆ ಬರೋಣ. ಕತೆ ಇರೋದು ಅವಳದೇ.

ನಡುಸೀಮೆಗೆಲ್ಲ ದೊಡ್ಡದು ಹಿರಿಕೆರೆ. ಅದರ ನೀರಗಂಟಿ ಈ ಬೊಮ್ಮಕ್ಕ. ಗಂಡ ಹೋದ ಮೇಲೆ ತೂಬಿನ ಕೆಲಸ ಇವಳ ಪಾಲಿಗೆ ಬಂದಿತ್ತು. ಯಾವ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು, ಎಲ್ಲ ಅವಳ ಮಾತೇ. ಸುಗ್ಗಿಯಲ್ಲಿ ಗದ್ದೆಗೊಂದು ಕಂತೆ ತೆನೆ ಅವಳ ಕೂಲಿ. ಇನ್ನೊಂದು ಕಟ್ಟಳೆಯೂ ಇತ್ತು. ದಿನಾ ಬೆಳಿಗ್ಗೆ ನೀರಗಂಟಿ ಕೆರೆಗಿಳಿದು, ಬೊಗಸೆ ನೀರು ಕುಡಿದು, ಏರಿ ಮೇಲೆ ನಿಂತು "ಸಿಹಿಯಾಗೈತೇ!" ಅಂತ ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಹೆಂಗಸರು ಕೊಡ ಮುಳುಗಿಸೋದು. ನೀರಗಂಟಿ ಒಪ್ಪದೆ ಕೆರೆಗೆ ಒಂದು ಹೂವು ಹಾಕುವುದಕ್ಕೂ ಅರಸನಿಗೆ ಅಧಿಕಾರ ಇರಲಿಲ್ಲವಂತೆ.

ಬೊಮ್ಮಕ್ಕನಿಗೆ ಒಬ್ಬಳೇ ಮಗಳು, ಸಾಕಿ. ಬಾಣಂತನಕ್ಕೆ ಬಂದವಳು ಅಲ್ಲೇ ಇದ್ದಳು. ನಡುಸೀಮೆಯಲ್ಲಿ ಕೂಸಿಗೆ ಹೆಸರಿಡಬೇಕಾದರೆ ಮೊದಲು ನಾಲಿಗೆಗೆ ಉಪ್ಪು ಮುಟ್ಟಿಸಬೇಕು. ಅದೂ ಮನೆಯವರು ದುಡಿದು ತಂದ ಉಪ್ಪು, ಕಡ ತಂದದ್ದು ಆಗದು. ಕಡದ ಉಪ್ಪು ಮುಟ್ಟಿಸಿದರೆ ಆಯಸ್ಸೂ ಕಡದ್ದಾಗುತ್ತೆ ಅಂತ ನಂಬಿಕೆ. ಉಪ್ಪು ಮುಟ್ಟದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದ್ದು ಸತ್ತರೆ ಅದನ್ನು ಹಿರಿಯರ ಸಾಲಿಗೆ ಸೇರಿಸೋದಿಲ್ಲ. ಸಾಕಿಯ ಮೊದಲ ಕೂಸು ಹಾಗೇ ಹೋಗಿತ್ತು. ಅವತ್ತು ಸಾಕಿ ಮಣ್ಣು ಮುಚ್ಚಿದ ಜಾಗದಲ್ಲಿ ಕೂತು ಬಾಯಿ ತೆರೆದಳಂತೆ. ಏನಂತ ಕರೆದು ಅಳಬೇಕು? ಅಳೋಕೂ ಒಂದು ಹೆಸರು ಬೇಕಲ್ಲ. "ಏ... ಏ..." ಅಂದಳಂತೆ, ಅಷ್ಟೇ. ಬೊಮ್ಮಕ್ಕನ ಕಿವಿಯಿಂದ ಆ ದನಿ ಹೋಗಲೇ ಇಲ್ಲ.

ಈಗ ಎರಡನೆಯದು ಹುಟ್ಟಿತ್ತು. ಗಂಡುಕೂಸು, ಬಡಕಲು, ಎದೆಯಲ್ಲಿ ಸದಾ ಗೊರಗೊರ. ತೆವಳೋಕೆ ಶುರು ಮಾಡಿದ್ದರೂ ಹೆಸರಿಲ್ಲ. ಮನೆಯಲ್ಲಿ ಉಪ್ಪಿನ ಹರಳಿಲ್ಲ, ದಾರ ಮಾತ್ರ ಗೂಟದಲ್ಲಿ ನೇತಾಡುತ್ತಿತ್ತು.

ಅತ್ತ ಅರಮನೆಯಲ್ಲಿ ಅರಸನಿಗೂ ಸಪ್ಪೆ ಊಟ. ಪ್ರಜೆಗಳು ಸಪ್ಪೆ ಉಂಡಾಗ ಅರಸನಿಗೆ ಏನೂ ಅನ್ನಿಸಿರಲಿಲ್ಲ. ತನ್ನ ತಟ್ಟೆಗೆ ಬಂದಾಗ ಸಿಟ್ಟು ಬಂತು. ಸಭೆ ಕರೆದ. ಆ ಹೊತ್ತಿಗೆ ದೇಶ ತಿರುಗುವ ಪಂಡಿತನೊಬ್ಬ ಆ ಕಡೆ ಬಂದಿದ್ದನಂತೆ. ಹೆಗಲ ಮೇಲೆ ಜರತಾರಿ ಶಾಲು, ಬಾಯಿ ತುಂಬ ಎಲೆ ಅಡಿಕೆ. ಕಡಲು ಕಂಡವನು! ಅವನನ್ನು ಮಣೆ ಹಾಕಿ ಕೂರಿಸಿದರು.

"ಪಂಡಿತರೇ, ನಮ್ಮ ರಾಜ್ಯ ಯಾಕೆ ಉದ್ಧಾರ ಆಗ್ತಿಲ್ಲ?" ಅಂತ ಕೇಳಿದ ಅರಸ.

ಪಂಡಿತ ತುಪ್ಪದ ಅನ್ನ ಉಂಡು, ಕೈ ತೊಳೆದು, ಆಮೇಲೆ ಹೇಳಿದನಂತೆ. "ನಾನು ಐವತ್ತಾರು ದೇಶ ನೋಡಿದೀನಿ ಮಹಾಪ್ರಭು. ಎಲ್ಲೆಲ್ಲಿ ಉಪ್ಪುನೀರು ಉಂಟೋ ಅಲ್ಲೆಲ್ಲ ಹಡಗು ಬರುತ್ತೆ. ಹಡಗು ಬಂದ ಕಡೆಯೆಲ್ಲ ಸಿರಿ ಬರುತ್ತೆ. ಉಪ್ಪುನೀರಿಲ್ಲದ ಕಡೆ ಹಡಗು ಬಂದದ್ದನ್ನು ನಾನೆಲ್ಲೂ ಕಾಣಲಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳು ಇತ್ತಾ? ಒಂದಕ್ಷರ ಇಲ್ಲ. ಅಷ್ಟು ಹೇಳಿ ಅವನು ಶಾಲು ಹೊದೆಸಿಕೊಂಡು, ಎರಡು ಕಂಬಳಿ ಕಟ್ಟಿಸಿಕೊಂಡು, ಕುದುರೆ ಹತ್ತಿ ಹೋದ. ಉಳಿದದ್ದನ್ನು ನಡುಸೀಮೆಯವರೇ ಯೋಚಿಸಿಕೊಂಡರು. ಅವರು ದನ ಕಾಯೋ ಜನ. ತಪ್ಪಿಸಿಕೊಂಡ ಹಸುವನ್ನು ಹೇಗೆ ಕರೀತಾರೆ? ಅಂಗೈಯಲ್ಲಿ ಉಪ್ಪು ಹಿಡಿದು ನಿಂತರೆ ಎರಡು ಗುಡ್ಡ ದಾಟಿ ವಾಸನೆ ಹಿಡಿದು ಬರುತ್ತೆ. ಹಡಗು ಅಂದರೆ ಏನು ಅಂತ ಯಾರಿಗೂ ಗೊತ್ತಿಲ್ಲ, ಹೇರು ಹೊರುತ್ತೆ ಅಂತ ಮಾತ್ರ ಗೊತ್ತು. ಹೇರು ಹೊರೋದು ಅಂದ ಮೇಲೆ ಎತ್ತಿನ ಹಾಗೇ ಏನೋ ಒಂದು, ಸ್ವಲ್ಪ ದೊಡ್ಡದು. ಉಪ್ಪಿಗೆ ಎತ್ತು ಬರೋದಾದರೆ ಹಡಗು ಯಾಕೆ ಬರಬಾರದು?

"ಕಡಲು ಅಂದರೆ ಇನ್ನೇನು? ನೀರು, ಉಪ್ಪು. ನೀರು ನಮ್ಮ ಹಿರಿಕೆರೆಯಲ್ಲಿದೆ. ಉಪ್ಪು ಒಂದು ಹಾಕಿದರೆ ಆಯ್ತು!" ಅಂದ ಅರಸ. ಸಭೆ ಉಘೇ ಅಂತು. ಅರಸನ ಭಾವಮೈದ ಆ ಕ್ಷಣಕ್ಕೇ ಹಡಗು ಮಂತ್ರಿಯಾದ. ಒಬ್ಬ ಮುದಿ ಗೌಡ ಮಾತ್ರ ಎದ್ದು, "ಹಡಗಿಗೆ ಹುಲ್ಲು ಹಾಕಬೇಕೋ ಹಿಂಡಿ ಹಾಕಬೇಕೋ ಬುದ್ಧಿ?" ಅಂತ ಕೇಳಿದನಂತೆ. ಎರಡೂ ಇರಲಿ ಅಂದ ಮಂತ್ರಿ.

ಬೊಮ್ಮಕ್ಕನಿಗೆ ಕರೆ ಹೋಯ್ತು. ಅರಸನ ಮುಂದೆ ನಿಂತು ವಿಷಯ ಕೇಳಿದಳು.

"ಬುದ್ಧಿ, ಕೆರೆ ಉಪ್ಪಾದ್ರೆ ಗದ್ದೆಗೆ ಏನು ಬಿಡಾನ? ಕುಡಿಯಾಕೆ ಏನು ಮಾಡಾನ?"

"ಬೊಮ್ಮಕ್ಕ, ಹಡಗು ಬಂದ ಮೇಲೆ ಗದ್ದೆ ಯಾರಿಗೆ ಬೇಕು? ಅಕ್ಕಿ ಹಡಗಿನಲ್ಲೇ ಬರುತ್ತೆ, ಉಪ್ಪು ಹಡಗಿನಲ್ಲೇ ಬರುತ್ತೆ. ಉಕ್ಕಡದವನ ಮೊರಕ್ಕೆ ನಾವು ಕೈ ಮುಗಿಯೋದು ತಪ್ಪುತ್ತೆ. ಕುಡಿಯೋಕೆ ಮಲೆ ಕೆಳಗಿನ ಬುಗ್ಗೆ ಇದೆಯಲ್ಲ, ಸ್ವಲ್ಪ ನಡೆದರಾಯ್ತು."

ಅವಳಿಗೆ ಅತ್ತೆ ಹೇಳಿದ್ದು, ಅತ್ತೆಯ ಅತ್ತೆ ಹೇಳಿದ್ದು ನೆನಪಾಯ್ತು. ತೂಬು ಅಂದರೆ ತಾಯಿ ಎದೆ, ಅದಕ್ಕೆ ವಿಷ ಸೋಕಿಸಬಾರದು ಅಂತ. ಬೇಡ ಅಂತ ಹೇಳೋಕೆ ಬಾಯಿ ತೆರೆದಿದ್ದಳಂತೆ.

ಅಷ್ಟರಲ್ಲಿ ಹಡಗು ಮಂತ್ರಿ, "ಸುಮ್ಮನೆ ಯಾರು ಒಪ್ಪು ಅಂತಾರೆ? ಏನು ಬೇಕೋ ಕೇಳು. ಒಪ್ಪಿದ್ದಕ್ಕೆ ಕೂಲಿ," ಅಂದ.

ಕೂಲಿ. ಕಡ ಅಲ್ಲ, ದಾನ ಅಲ್ಲ. ಬೊಮ್ಮಕ್ಕನಿಗೆ ಮನೆಯಲ್ಲಿ ತೆವಳೋ ಹೆಸರಿಲ್ಲದ ಕೂಸು ಕಣ್ಣಿಗೆ ಬಂತು, ಅದರ ಎದೆಯ ಗೊರಗೊರ ಕಿವಿಗೆ ಬಂತು.

"ಒಂದು ಗಡಿಗೆ ಉಪ್ಪು ಕೊಡಿಸಿ ಬುದ್ಧಿ," ಅಂದಳು.

ಸಭೆಯೆಲ್ಲ ನಕ್ಕಿತಂತೆ. ಊರು ಕೇಳಬಹುದಿತ್ತು, ಕಡಗ ಕೇಳಬಹುದಿತ್ತು, ಕೇಳಿದ್ದು ನೋಡಿ ಮುದುಕಿ! ನಗಲಿ ಬಿಡಿ. ಅವರ ಮನೆಯ ಕೂಸುಗಳಿಗೆಲ್ಲ ಹೆಸರಿತ್ತು.

ಕೆರೆಗೆ ಹಾಕೋಕೆ ಉಪ್ಪು ಬೇಕಲ್ಲ, ಅದು ಬರೋದು ಎಲ್ಲಿಂದ? ಮತ್ತೆ ಅದೇ ಕಣಿವೆ, ಅದೇ ಉಕ್ಕಡ. ಅರಸ ಡಂಗುರ ಸಾರಿಸಿದ. ಮನೆ ಮನೆಯವರು ನೆಲದೊಳಗಿನ ಹಗೇವು ತೆಗೆದು, ಬರಗಾಲಕ್ಕೆ ಅಂತ ತುಂಬಿಟ್ಟ ರಾಗಿಯನ್ನೆಲ್ಲ ಎತ್ತಿನ ಮೇಲೆ ಹೇರಿದರು. ಕಂಬಳಿ ಹೇರಿದರು, ಕಂಚಿನ ತಂಬಿಗೆ ಹೇರಿದರು. ಹೊರಸೀಮೆ ಅರಸನಿಗೆ ಸುದ್ದಿ ಮುಟ್ಟಿದಾಗ ನಗು ತಡೆಯಲಾರದೆ ಬಾಯಲ್ಲಿದ್ದ ಎಲೆ ಅಡಿಕೆ ನೆತ್ತಿಗೆ ಹತ್ತಿತಂತೆ. "ಕೇಳಿದಷ್ಟು ಕೊಡಿ, ಉಪ್ಪಿನ ಗದ್ದೆ ಗುಡಿಸಿ ಹಾಕಿದ್ದನ್ನೂ ಕೊಡಿ!" ಅಂದ. ಹೋಗುವಾಗ ಭರಮ ಮೊರ ರಾಗಿ ತುಂಬಿಕೊಂಡ, ಬರುವಾಗ ಮೊರ ಉಪ್ಪು ತುಂಬಿಕೊಂಡ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ.

ಬೇಸಿಗೆ, ಕೆರೆಯಲ್ಲಿ ನೀರು ಇಳಿದ ಕಾಲ. ವಾದ್ಯ ಊದಿಸಿಕೊಂಡು, ಗೋಣಿ ಗೋಣಿ ಬಿಚ್ಚಿ ಸುರಿದರಂತೆ. ಬಾಯಿಗೆ ಉಪ್ಪಿಲ್ಲದ ಜನ ಕೆರೆಗೆ ಉಪ್ಪು ಸುರಿಯೋದು ನೋಡಬೇಕಿತ್ತು. ಗೋಣಿ ಕೊಡವಿ, ಕೈಗೆ ಅಂಟಿದ್ದನ್ನು ನೆಕ್ಕಿಕೊಂಡು, ಮತ್ತೆ ಗೋಣಿ ಬಿಚ್ಚೋರು. ಒಂದು ದಿನ ಸುರಿದರು, ಬೊಮ್ಮಕ್ಕ ಬೊಗಸೆ ಕುಡಿದು "ಸಿಹಿಯಾಗೈತೆ" ಅಂದಳು. ಅರಸನ ಮುಖ ಬಾಡಿತು. ಮಾರನೆಯ ದಿನ ಸುರಿದರು, "ಇನ್ನೂ ಸಿಹಿಯೇ" ಅಂದಳು. ಹುಣ್ಣಿಮೆ ಕಳೆಯಿತು, ಅಮಾವಾಸ್ಯೆ ಕಳೆಯಿತು. ಒಂದು ಬೆಳಿಗ್ಗೆ ಅವಳು ಬಾಯಿಗಿಟ್ಟ ನೀರನ್ನು ನುಂಗಲಾರದೆ ಉಗಿದಳು. ಏರಿ ಮೇಲೆ ನಿಂತಳು. ಆ ಏರಿಯ ಮೇಲೆ ಯಾರೂ ಯಾವತ್ತೂ ಕೂಗದ ಮಾತು ಅದು.

"ಉಪ್ಪಾಗೈತೇ!"

ಜನ ಕುಣಿದರಂತೆ! ತಮ್ಮ ಕುಡಿಯೋ ನೀರು ಕೆಟ್ಟಿದ್ದಕ್ಕೆ ಅಷ್ಟು ಖುಷಿಯಾಗಿ ಕುಣಿದ ಜನ ಇನ್ನೆಲ್ಲೂ ಇರಲಾರರು. ಕೆರೆ ದಂಡೆಗೆ ಹಡಗು ಕಟ್ಟೋ ಗೂಟ ಹೊಡೆದರು, ಬಣವೆ ಹುಲ್ಲು ಒಟ್ಟಿದರು, ಹಿಂಡಿ ನೆನೆಹಾಕಿದರು.

ಅದೇ ದಿನ ಬೊಮ್ಮಕ್ಕನ ಮನೆಗೆ ಗಡಿಗೆ ಬಂತು. ತುಂಬಿದ ಗಡಿಗೆ. ಸಾಕಿ ಅದರೊಳಗೆ ಕೈ ಹಾಕಿ ಸುಮ್ಮನೆ ಹಾಗೇ ಕೂತಿದ್ದಳಂತೆ, ತೆಗೆಯೋಕೆ ಮನಸ್ಸಿಲ್ಲದೆ. ಅಕ್ಕಪಕ್ಕದವರು ಬಂದರು, ಸೋಬಾನೆ ಹೇಳಿದರು. ಬೊಮ್ಮಕ್ಕ ಉಂಗುರದ ಬೆರಳಲ್ಲಿ ಉಪ್ಪು ಮುಟ್ಟಿಸಿದಳು. ಕೂಸು ಮುಖ ಕಿವುಚಿತು, ಎಲ್ಲರೂ ನಕ್ಕರು. ಏನು ಹೆಸರಿಡೋಣ? ಯೋಚನೆ ಯಾಕೆ, ದೇಶಕ್ಕೇ ಕಡಲು ಬಂದ ದಿನ. ಕಡಲಪ್ಪ ಅಂತ ಇಟ್ಟರು. "ಕಡಲಪ್ಪ, ಕಡಲಪ್ಪ," ಅಂತ ಸಾಕಿ ಕೂಸಿನ ಕಿವಿಯಲ್ಲಿ ಕರೆದದ್ದೇ ಕರೆದದ್ದು. ಬೊಮ್ಮಕ್ಕ ಒಲೆಯ ಮುಂದೆ ಕೂತು ಅತ್ತಳು. ಬದುಕಿನಲ್ಲಿ ಅಷ್ಟು ಸಂತೋಷದ ದಿನ ಅವಳಿಗೆ ಇನ್ನೊಂದಿರಲಿಲ್ಲ.

ಆಮೇಲೆ ಕಾದರು. ಹಡಗು ಬರಲಿಲ್ಲ. ಹಗಲು ಒಬ್ಬರು, ಇರುಳು ಒಬ್ಬರು ಗುಡ್ಡ ಹತ್ತಿ ನೋಡಿದರು. ಗಾಳಿಗೆ ಉಪ್ಪಿನ ವಾಸನೆ ಹಿಡಿದು ಬಂದದ್ದು ದನ. ಗುಡ್ಡದ ದನ, ಕಾಡಿನ ಕಡವೆ, ಕುರಿಮಂದೆ, ಎಲ್ಲ ನುಗ್ಗಿ ಬಂದು ಕುಡಿದವು. ದಾಹ ತೀರಲಿಲ್ಲ, ಮತ್ತೆ ಕುಡಿದವು, ಹೊಟ್ಟೆ ಉಬ್ಬಿಸಿಕೊಂಡು ಆ ಹಡಗಿನ ಗೂಟದ ಸುತ್ತಲೇ ಬಿದ್ದವು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ ದೊಡ್ಡವರು. ಇಲ್ಲಿ ತಿಂದವರು ಯಾರೋ, ಕುಡಿದವರು ಯಾರೋ.

ಹಡಗಿಗೆ ಆಳ ಬೇಕು, ತೂಬು ತೆಗೆಯಬಾರದು ಅಂತ ಅರಸನ ಆಜ್ಞೆ ಇತ್ತು. ಗದ್ದೆಯಲ್ಲಿ ಪೈರು ಬಾಡಿತು. ರೈತರು ಬೊಮ್ಮಕ್ಕನ ಬಾಗಿಲಿಗೆ ಬಂದರು.

"ಅಕ್ಕಾ, ತೂಬು ತೆಗಿ. ಪೈರು ಸಾಯ್ತಾ ಐತೆ."

"ಅದು ಉಪ್ಪುನೀರು ಕಣ್ರಪ್ಪಾ!"

"ಒಸಿ ಉಪ್ಪಾದ್ರೆ ಏನಾಯ್ತದೆ? ನಾವು ಉಪ್ಪು ತಿಂತೀವಿ, ಬದುಕಿಲ್ವಾ? ಪೈರಿಗೂ ಒಂದಿಷ್ಟು ರುಚಿ ಸಿಗ್ಲಿ. ನಿನ್ನ ಮೊಮ್ಮಗನಿಗೆ ಹೆಸರಾಯ್ತು, ನಮ್ಮ ಮಕ್ಕಳಿಗೆ ಮುದ್ದೆ ಬ್ಯಾಡ್ವಾ?"

ಆ ಕೊನೆ ಮಾತು ನಾಟಿತು. ಅವಳು ಎದ್ದು ಹೋಗಿ ತೂಬು ತೆಗೆದಳು. ನೀರು ಹರಿಯಿತು, ಗದ್ದೆ ತುಂಬಿತು. ವಾರ ಕಳೆಯೋದರೊಳಗೆ ಪೈರು ಸುಟ್ಟ ಹಾಗೆ ಕೆಂಪಾಗಿ ಮಲಗಿತು, ನೆಲ ಬೂದಿ ಹುಯ್ದ ಹಾಗೆ ಬೆಳ್ಳಗಾಯ್ತು. ಹಗೇವಿನಲ್ಲಿ ಇಣುಕಿದರೆ ತಮ್ಮ ಉಸಿರೇ ತಮಗೆ ಕೇಳುತ್ತಿತ್ತಂತೆ, ಒಂದು ಕಾಳಿಲ್ಲ.

ಅರಸನಿಗೆ ಗಾಬರಿಯಾಯ್ತಾ? ಇಲ್ಲ! ಗದ್ದೆಯ ಬಿಳಿ ನೋಡಿ ಅವನು ಕೈ ತಟ್ಟಿದನಂತೆ. "ನೋಡಿದಿರಾ, ನಮ್ಮ ನೆಲದಲ್ಲೇ ಉಪ್ಪು ಬೆಳೀತು! ಹಡಗು ಬರದಿದ್ದರೆ ಬೇಡ. ಇನ್ನು ನಾವೇ ಉಪ್ಪು ಮಾರೋ ದೇಶ!" ಭಾವಮೈದ ಹಡಗು ಮಂತ್ರಿ ಹೋಗಿ ಉಪ್ಪು ಮಂತ್ರಿಯಾದ. ಜನ ಗದ್ದೆಯನ್ನು ಕೆರೆದರು, ಕೆರೆಯ ನೀರನ್ನು ಮಡಕೆಯಲ್ಲಿ ಕುದಿಸಿ ಬತ್ತಿಸಿದರು. ಬಂದದ್ದು ಮಣ್ಣು ಬೆರೆತ ಕಂದು ಉಪ್ಪು. ಅದನ್ನು ಹೊತ್ತುಕೊಂಡು, ಮಾರೋಕೆ ಹೊರಟದ್ದು ಎಲ್ಲಿಗೆ ಅಂತೀರಿ? ಕಡಲ ದಂಡೆಯವರಿಗೆ! ಎತ್ತುಗಳು ಸತ್ತಿದ್ದವು, ಆದ್ದರಿಂದ ತಲೆ ಮೇಲೆ ಹೊತ್ತರು. ಗೋಣಿ ಉಪ್ಪಿಗೆ ಸೇರು ರಾಗಿ. ಬೇಕಾದರೆ ಕೊಡಿ, ಇಲ್ಲದಿದ್ದರೆ ವಾಪಸು ಹೊತ್ತುಕೊಂಡು ಹೋಗಿ ಅಂದರಂತೆ ಹೊರಸೀಮೆಯವರು.

ಒಂದು ದಿನ ಆ ಸಾಲಿನಲ್ಲಿ ಬೊಮ್ಮಕ್ಕನೂ ನಡೆದಳು. ತಲೆ ಮೇಲೆ ಉಪ್ಪಿನ ಗಂಟು, ಕಂಕುಳಲ್ಲಿ ಕೂಸು. ಸಾಕಿಗೆ ಎದ್ದು ಓಡಾಡೋ ಶಕ್ತಿ ಉಳಿದಿರಲಿಲ್ಲ, ಎದೆಯಲ್ಲಿ ಹಾಲೂ ಇರಲಿಲ್ಲ. ಕೂಸಿಗೆ ಅಂಬಲಿಗೆ ಒಂದು ಹಿಡಿ ರಾಗಿ ಸಿಕ್ಕರೆ ಅಂತ ಹೊರಟಿದ್ದಳು. ಉಕ್ಕಡಕ್ಕೆ ಬಂದಾಗ ಭರಮ ಮೊರ ಹಿಡಿದು ನಿಂತಿದ್ದ.

"ಏನವ್ವ, ಈಗ ಉಪ್ಪು ಆ ಕಡೆಯಿಂದ ಬರೋ ಹಂಗಾಯ್ತಾ?" ಅಂದ.

"ಹೂಂ ಕಣಪ್ಪ. ಹೋಗ್ತಾ ಉಪ್ಪು, ಬರ್ತಾ ರಾಗಿ. ಈಗೆಷ್ಟು ನಿನ್ನ ಪಾಲು?"

"ನಂದೇನು ತಾಯಿ, ಏನು ಹೋದ್ರೂ ಇಲ್ಲೇ ಹೋಗ್ಬೇಕು, ಏನು ಬಂದ್ರೂ ಇಲ್ಲೇ ಬರ್ಬೇಕು. ಅದೇ ಮೊರ."

ಅವಳು ಗಂಟು ಇಳಿಸಿದಳು. ಅವನು ಮೊರ ತುಂಬಿ ತನ್ನ ರಾಶಿಗೆ ಸುರಿದುಕೊಂಡ. ಗಂಟು ಅರ್ಧವಾಯ್ತು. ಆಗ ಅವನ ಕಣ್ಣು ಕೂಸಿನ ಮೇಲೆ ಬಿತ್ತಂತೆ. ಅದು ಅಳುತ್ತಲೂ ಇರಲಿಲ್ಲ, ಅಳೋಕೆ ಏನಾದರೂ ಹೊಟ್ಟೆಯಲ್ಲಿರಬೇಕು. ಪೈಲ್ವಾನ ಆದರೇನು, ಅವನೂ ಮಕ್ಕಳೊಂದಿಗ. ಬಗ್ಗಿ ಅದರ ಗಲ್ಲ ಮುಟ್ಟಿ ಕೇಳಿದ.

"ಏನವ್ವ ಕೂಸಿನ ಹೆಸರು?"

ಬೊಮ್ಮಕ್ಕ ಬಾಯಿ ತೆರೆದಳು. ಆ ಹೆಸರು ನಾಲಿಗೆ ತುದಿಯವರೆಗೆ ಬಂತು, ಹೊರಗೆ ಬರಲಿಲ್ಲ. ಆ ಹೆಸರಿಗಾಗಿ ಕೆರೆ ಕೊಟ್ಟಿದ್ದಳು, ಗದ್ದೆ ಕೊಟ್ಟಿದ್ದಳು, ಗುಡ್ಡದ ದನವೆಲ್ಲ ಕೊಟ್ಟಿದ್ದಳು. ಹೊರಸೀಮೆಯವನ ಎದುರು ಕಡಲಪ್ಪ ಅನ್ನಬೇಕಲ್ಲ ಅಂತ ಅವಳಿಗೆ ಎಂಥ ನಾಚಿಕೆಯಾಯ್ತು ಅಂದರೆ, ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತಂತೆ.

"ಇನ್ನೂ ಹೆಸರಿಟ್ಟಿಲ್ಲ ಕಣಪ್ಪ," ಅಂದಳು.

ಭರಮನಿಗೆ ನಡುಸೀಮೆಯವರ ಕಟ್ಟಳೆ ಗೊತ್ತಿತ್ತು. ಎಷ್ಟು ವರ್ಷದಿಂದ ನೋಡಿದ್ದ. "ಅಯ್ಯೋ ಪಾಪ, ಉಪ್ಪಿಗೆ ಗತಿಯಿಲ್ದೆ ಇಷ್ಟು ದಿನ ಬಿಟ್ರಾ?" ಅಂದ. ಅವಳಿಂದ ಆಗ ತಾನೇ ಸುರಿದುಕೊಂಡಿದ್ದ ರಾಶಿಯಿಂದ ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ, ಕೂಸಿನ ಅಂಗೈಯಲ್ಲಿಟ್ಟು ಮುಷ್ಟಿ ಮಡಿಸಿದ.

"ತಗೋ ಮಗ, ಇದು ನನ್ನ ಕಡೆಯಿಂದ. ಒಂದು ಒಳ್ಳೆ ಹೆಸರಿಡವ್ವ."

ಬೊಮ್ಮಕ್ಕ ಅವನಿಗೆ ಕೈ ಮುಗಿದಳಂತೆ. ಅರ್ಧ ಗಂಟನ್ನು ತಲೆ ಮೇಲೆ ಎತ್ತಿಕೊಂಡು ಹೊರಸೀಮೆಯ ದಾರಿ ಹಿಡಿದಳು. ಕಂಕುಳಲ್ಲಿದ್ದ ಕೂಸು ಮುಷ್ಟಿ ಬಿಚ್ಚಿ, ಅಂಗೈ ನೆಕ್ಕಿಕೊಂಡು, ಮುಖ ಕಿವುಚಿ ಅಳತೊಡಗಿತು.

ಅವರ ಕತೆ ಕಣಿವೆ ದಾಟಿ ಹೋಯ್ತು, ನಮ್ಮ ಮುದ್ದೆ ಬಿಸಿ ಆರಿಹೋಯ್ತು. ಏಳಿ, ಉಣ್ಣೋಣ. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಇವತ್ತೊಂದು ದಿನ ಯಾರೂ ಬಾಯಿ ಬಿಡಬೇಡಿ.